ಅಮೆರಿಕದ ಪೊಲಿಟಿಕಲ್ ಡಾಕ್ಯುಮೆಂಟರಿಗಳು: ಯಾವುದನ್ನ ಮೊದಲು ನೋಡೋದು, ಯಾಕೆ

ನಮ್ಮಣ್ಣನ ಮಗಳು ಎಂಎಸ್ ಮಾಡೋಕೆ ಅಂತ ಒಹಾಯೋ ರಾಜ್ಯದ ಡೇಟನ್‌ಗೆ ಹೊರಟು ನಿಂತಾಗ ಒಂದು ದಿನ ಫೋನ್ ಮಾಡಿ "ಚಿಕ್ಕಪ್ಪ, ಹಾಲಿವುಡ್ ಅಮೆರಿಕ ನೋಡಿದ್ದಾಯ್ತು, ಅಲ್ಲಿ ಜನ ನಿಜವಾಗ್ಲೂ ಯಾವ್ಯಾವ ವಿಷಯಕ್ಕೆ ಹೊಡೆದಾಡ್ತಾರೆ ಅಂತ ಗೊತ್ತಾಗೋ ಹಾಗೆ ಎರಡು ಡಾಕ್ಯುಮೆಂಟರಿ ಹೇಳಿ" ಅಂದ್ಲು. ಅವಳು ಕೇಳಿದ್ದು ಎರಡು, ನಾನು ವಾರವಿಡೀ ಯೋಚನೆ ಮಾಡಿ ಏಳೆಂಟು ಬರೆದುಕೊಟ್ಟೆ, ಅದಾದ್ಮೇಲೆ ಅವಳ ಫ್ರೆಂಡ್ಸು, ನಮ್ಮ ಆಫೀಸಿನವರು ಇಬ್ರು, ಎಲ್ರೂ ಅದೇ ಪಟ್ಟಿ ಕೇಳೋಕೆ ಶುರು ಮಾಡಿದ್ರು. ಬರೀ ಹೆಸರು ಕೊಟ್ರೆ ಪ್ರಯೋಜನ ಇಲ್ಲ, ಯಾಕಂದ್ರೆ ಈ ಚಿತ್ರಗಳು ಒಂದೊಂದು ಒಂದೊಂದು ಥರ, ತಪ್ಪು ಚಿತ್ರದಿಂದ ಶುರು ಮಾಡಿದ್ರೆ ಅರ್ಧಕ್ಕೇ ಬಿಟ್ಟುಬಿಡ್ತೀರ, ಇಲ್ಲಾಂದ್ರೆ ಅದರಲ್ಲಿ ಹೇಳಿದ್ದೇ ಪೂರ್ತಿ ಸತ್ಯ ಅಂದ್ಕೊಂಡು ಕೂತ್ಕೋತೀರ.

ಮೊದ್ಲೇ ಹೇಳ್ಬಿಡ್ತೀನಿ, ಇವುಗಳಲ್ಲಿ ಯಾವುದೂ ನ್ಯೂಟ್ರಲ್ ಅಲ್ಲ. ಎಲ್ಲವೂ ಒಂದು ಪಕ್ಷ ಹಿಡಿದೇ ಮಾಡಿರೋವು, ಅದರಲ್ಲಿ ನಂಗೆ ತಪ್ಪೇನೂ ಕಾಣಲ್ಲ, ಅನ್ಯಾಯ ಕಣ್ಣಿಗೆ ಬಿದ್ದವರು ಸುಮ್ನೆ ಇರೋಕಾಗಲ್ಲ. ಆದ್ರೆ ಪಕ್ಷ ಹಿಡಿದ ಮೇಲೂ ಎರಡು ವಿಷಯ ನೋಡ್ಬೇಕು. ಒಂದು, ಎದುರು ಪಾರ್ಟಿಯವರನ್ನ ಕೂರಿಸಿ ಸರಿಯಾಗಿ ಮಾತಾಡೋಕೆ ಬಿಟ್ಟಿದ್ದಾರಾ, ಹಾಗೇ ತಮ್ಮ ಕಡೆಯವರ ಹುಳುಕನ್ನೂ ತೋರಿಸಿದ್ದಾರಾ. ಇನ್ನೊಂದು, ತೆರೆ ಮೇಲೆ ಅಕ್ಕಪಕ್ಕ ಬರೋ ಎರಡು ದೃಶ್ಯ ನಿಜವಾಗ್ಲೂ ಅದೇ ಹೊತ್ತಲ್ಲಿ ನಡೆದಿದ್ದಾ ಅಥವಾ ಎಡಿಟಿಂಗ್ ಟೇಬಲ್ ಮೇಲೆ ಅಕ್ಕಪಕ್ಕ ಬಂದಿದ್ದಾ. ನಾನು ಹೋಲಿಸೋದು ಇವೆರಡರ ಮೇಲೇನೆ.

ಮೈಕಲ್ ಮೂರ್ ಅವರಿಂದ ಶುರು ಮಾಡ್ಬೇಕಾ?

ಎಲ್ರೂ ಮೊದಲು ಹೇಳೋ ಹೆಸರು ಮೈಕಲ್ ಮೂರ್. ಮಿಷಿಗನ್ ರಾಜ್ಯದ ಫ್ಲಿಂಟ್ ಕಡೆಯವರು, ತಲೆ ಮೇಲೆ ಕ್ಯಾಪ್, ಕೈಯಲ್ಲಿ ಮೈಕು, ಕಂಪನಿ ಗೇಟಿಗೇ ಹೋಗಿ ನಿಂತ್ಕೊಂಡು ದೊಡ್ಡವರನ್ನ ಕರೀರಿ ಅನ್ನೋ ಸ್ಟೈಲು. ನೋಡಿಸ್ಕೊಂಡು ಹೋಗೋದ್ರಲ್ಲಿ ಇವರನ್ನ ಮೀರಿಸೋರು ಕಮ್ಮಿ. 2004ರ ‘ಫ್ಯಾರನ್‌ಹೀಟ್ 9/11’ ಕಾನ್ ಫೆಸ್ಟಿವಲ್‌ನಲ್ಲಿ ಅತಿ ದೊಡ್ಡ ಪ್ರಶಸ್ತಿ ತಗೊಳ್ತು, ಅಮೆರಿಕದ ಥಿಯೇಟರ್‌ಗಳಲ್ಲೇ ಸುಮಾರು 119 ಮಿಲಿಯನ್ ಡಾಲರ್ ದುಡೀತು, ಡಾಕ್ಯುಮೆಂಟರಿಗೆ ಅಷ್ಟು ಜನ ಟಿಕೆಟ್ ತಗೊಂಡು ಹೋಗಿದ್ದು ಅಲ್ಲೀವರೆಗೆ ಇರ್ಲಿಲ್ಲ. ಆದ್ರೆ ಅದು ಬುಷ್ ಮತ್ತೆ ಇರಾಕ್ ಯುದ್ಧದ ಆ ಹೊತ್ತಿಗೆ ಮಾಡಿದ ಚಿತ್ರ, ಹೊಸಬರು ಅದರಿಂದ ಶುರು ಮಾಡ್ಬೇಡಿ.

ಶುರು ಮಾಡೋದಾದ್ರೆ 2007ರ ‘ಸಿಕೋ’. ಆರೋಗ್ಯ ವಿಮೆ ಬಗ್ಗೆ. ಇದರ ಜಾಣತನ ಏನಂದ್ರೆ ವಿಮೆ ಇಲ್ಲದವರ ಕಥೆ ಬಿಟ್ಟು ವಿಮೆ ಇದ್ದೂ ಒದ್ದಾಡಿದವರ ಕಥೆ ಹಿಡ್ಕೊಂಡಿದ್ದು. ಶುರುವಲ್ಲಿ ಮಾತ್ರ ವಿಮೆ ಇಲ್ಲದ ಒಬ್ಬ ಮನುಷ್ಯ ಬರ್ತಾನೆ, ಮರ ಕೊಯ್ಯೋ ಮೆಷಿನ್ನಿಗೆ ಸಿಕ್ಕಿ ಎರಡು ಬೆರಳಿನ ತುದಿ ಕಟ್ ಆಗಿರುತ್ತೆ, ಆಸ್ಪತ್ರೆಯವರು ರೇಟ್ ಹೇಳ್ತಾರೆ, ಮಧ್ಯದ ಬೆರಳಿಗೆ 60,000 ಡಾಲರ್, ಉಂಗುರದ ಬೆರಳಿಗೆ 12,000. ಅವನು ಉಂಗುರದ ಬೆರಳು ಜೋಡಿಸ್ಕೋತಾನೆ. ಇನ್ನೊಂದು ಕಡೆ, ಟ್ರೇಡ್ ಸೆಂಟರ್ ಬಿದ್ದ ಜಾಗದಲ್ಲಿ ಕೆಲಸ ಮಾಡಿ ಶ್ವಾಸಕೋಶ ಹಾಳು ಮಾಡಿಕೊಂಡ ಹೆಂಗಸು ಕ್ಯೂಬಾದ ಒಂದು ಮೆಡಿಕಲ್ ಶಾಪಿನಲ್ಲಿ ನಿಂತಿರ್ತಾಳೆ, ಅಮೆರಿಕದಲ್ಲಿ 120 ಡಾಲರ್ ಕೊಟ್ಟು ತಗೊಳ್ತಿದ್ದ ಇನ್‌ಹೇಲರ್ ಅಲ್ಲಿ 5 ಸೆಂಟ್, ಅವಳು ಅಲ್ಲೇ ಅತ್ತುಬಿಡ್ತಾಳೆ. ನಾನು ಎಷ್ಟು ಸಲ ನೋಡಿದ್ರೂ ಆ ಜಾಗಕ್ಕೆ ಬಂದಾಗ ಗಂಟಲು ಕಟ್ಟುತ್ತೆ.

ಈಗ ಇದರ ಹುಳುಕು. ಅಮೆರಿಕ ಆರೋಗ್ಯ ವ್ಯವಸ್ಥೆಯಲ್ಲಿ ಜಗತ್ತಲ್ಲಿ 37ನೇ ಸ್ಥಾನ ಅಂತ ಚಿತ್ರ ಜೋರಾಗಿ ಹೇಳುತ್ತೆ, ಅದು ವಿಶ್ವ ಆರೋಗ್ಯ ಸಂಸ್ಥೆ 2000ನೇ ಇಸವೀಲಿ ಕೊಟ್ಟ ಪಟ್ಟಿ. ಅದೇ ಪಟ್ಟಿಯಲ್ಲಿ ಕ್ಯೂಬಾ ಇದ್ದಿದ್ದು 39ರಲ್ಲಿ. ಚಿತ್ರ ನೋಡಿ ಎದ್ದವರಿಗೆ ಕ್ಯೂಬಾ ಅಮೆರಿಕಕ್ಕಿಂತ ಕೆಳಗಿತ್ತು ಅಂತ ಅನ್ಸೋದೇ ಇಲ್ಲ. ಕೆನಡಾದಲ್ಲಿ ಆಪರೇಷನ್‌ಗೆ ತಿಂಗಳುಗಟ್ಟಲೆ ಕಾಯೋದನ್ನೂ ಹಾಗೇ ತೇಲಿಸಿಬಿಡ್ತಾರೆ. ಇನ್ನೊಂದು ಮಾತು ನೆನಪಿಟ್ಕೊಳ್ಳಿ, ಇದು ಒಬಾಮಾ ಕಾಲದ 2010ರ ವಿಮಾ ಕಾನೂನಿಗಿಂತ ಹಿಂದಿನ ಚಿತ್ರ. ಮೊದಲೇ ಕಾಯಿಲೆ ಇತ್ತು ಅನ್ನೋ ಕಾರಣಕ್ಕೆ ವಿಮೆ ಕೊಡದೇ ಇರೋದು ಚಿತ್ರದಲ್ಲಿ ಬರುತ್ತಲ್ಲ, ಅದು 2014ರಿಂದ ಆ ಕಾನೂನಿನಡಿ ನಿಂತಿದೆ. ಬಿಲ್ಲಿನ ಗೋಜಲು ಮಾತ್ರ ನಿಂತಿಲ್ಲ. ನಮ್ಮ ಹುಡುಗಿ ಅಲ್ಲಿಗೆ ಹೋದ ಮೂರೇ ತಿಂಗಳಿಗೆ ಐಸ್ ಮೇಲೆ ಜಾರಿ ಕಾಲು ಉಳುಕಿಸ್ಕೊಂಡು ಎಮರ್ಜೆನ್ಸಿಗೆ ಹೋಗಿದ್ಲು, ಒಂದು ಎಕ್ಸ್‌ರೇ, ಒಂದು ಪಟ್ಟಿ. ಕೆಲವು ವಾರ ಆದ್ಮೇಲೆ ವಿಮಾ ಕಂಪನಿಯಿಂದ ಒಂದು ಲೆಕ್ಕದ ಕಾಗದ ಬಂತು, ಅದರ ತಲೆ ಮೇಲೆ ದಪ್ಪ ಅಕ್ಷರದಲ್ಲಿ ‘ಇದು ಬಿಲ್ ಅಲ್ಲ’, ಕೆಳಗೆ ನಾಲ್ಕು ಕಾಲಮ್ಮು ತುಂಬ ಡಾಲರ್ ಲೆಕ್ಕ. ವಾಟ್ಸಾಪ್‌ನಲ್ಲಿ ಫೋಟೋ ಕಳ್ಸಿ "ಚಿಕ್ಕಪ್ಪ, ಬಿಲ್ ಅಲ್ಲ ಅಂದ್ರೆ ಇದೇನು?" ಅಂತ ಕೇಳಿದ್ಲು. ನಿಜವಾದ ಬಿಲ್ ಆಮೇಲೆ ಬೇರೆ ಬೇರೆ ಮೂರು ಕವರ್‌ನಲ್ಲಿ ಬಂತು, ಡಾಕ್ಟರ್‌ದು ಒಂದು, ಆಸ್ಪತ್ರೆದು ಒಂದು, ಎಕ್ಸ್‌ರೇ ಓದಿದವರದ್ದು ಇನ್ನೊಂದು.

ಸಿಕೋಗೆ ಹೋಲಿಸಿದ್ರೆ 2002ರ ‘ಬೌಲಿಂಗ್ ಫಾರ್ ಕೊಲಂಬೈನ್’ ಚಿತ್ರವಾಗಿ ಇನ್ನೂ ಗಟ್ಟಿ, ಆದ್ರೆ ಎಡಿಟಿಂಗ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 1999ರ ಏಪ್ರಿಲ್ 20ಕ್ಕೆ ಕೊಲೊರಾಡೋದ ಕೊಲಂಬೈನ್ ಹೈಸ್ಕೂಲಲ್ಲಿ ಇಬ್ಬರು ಹುಡುಗರು 12 ಜನ ವಿದ್ಯಾರ್ಥಿಗಳನ್ನ, ಒಬ್ಬ ಮೇಷ್ಟ್ರನ್ನ ಗುಂಡಿಟ್ಟು ಕೊಂದ್ರು. ಚಿತ್ರದಲ್ಲಿ ಅಳ್ತಾ ಇರೋ ಮಕ್ಕಳು ಬರ್ತಾರೆ, ತಕ್ಷಣ ಕಟ್ ಆದ್ರೆ ಬಂದೂಕು ಸಂಘ ಎನ್‌ಆರ್‌ಎ ಅಧ್ಯಕ್ಷ, ಹಳೇ ಹಾಲಿವುಡ್ ಸ್ಟಾರ್ ಚಾರ್ಲ್‌ಟನ್ ಹೆಸ್ಟನ್ ಕೋವಿ ಎತ್ತಿಹಿಡಿದು ನಾನು ಸತ್ತ ಮೇಲೇ ಇದನ್ನ ಕಿತ್ಕೋಬೇಕು ಅನ್ನೋ ಅರ್ಥದ ಮಾತು ಆಡ್ತಾನೆ. ನೋಡೋರಿಗೆ ಅದು ಹತ್ಯೆ ಆದ ಹತ್ತು ಹನ್ನೊಂದು ದಿನಕ್ಕೆ ಅದೇ ಊರ ಪಕ್ಕ ಡೆನ್ವರ್‌ನಲ್ಲಿ ಆಡಿದ ಮಾತು ಅನ್ಸುತ್ತೆ. ಡೆನ್ವರ್‌ನಲ್ಲಿ ಸಭೆ ನಡೆದಿದ್ದು ನಿಜ, ಆದ್ರೆ ಆ ಕೋವಿ ಎತ್ತಿದ ಶಾಟ್ ಒಂದು ವರ್ಷ ಆದ್ಮೇಲೆ ಶಾರ್ಲೆಟ್ ಅನ್ನೋ ಬೇರೆ ಊರಿಂದು. ಎರಡನ್ನ ಅಂಟಿಸಿದಾಗ ಮನುಷ್ಯ ರಾಕ್ಷಸನ ಥರ ಕಾಣ್ತಾನೆ. ನಾನು ಬಂದೂಕಿನ ವಿಷಯದಲ್ಲಿ ಪೂರ್ತಿ ಮೂರ್ ಪಕ್ಷ, ಆದ್ರೂ ಈ ಕಟ್ ನಂಗೆ ನೋವು ಕೊಡುತ್ತೆ, ಸತ್ತ ಮಕ್ಕಳ ಕಡೆ ಇಷ್ಟು ದೊಡ್ಡ ಸತ್ಯ ಇದ್ದಾಗ ಈ ಅಂಟು ಬೇಕಾಗಿರ್ಲಿಲ್ಲ.

ಅದೇ ಚಿತ್ರದಲ್ಲಿ ಇನ್ನೊಂದು ದೃಶ್ಯ ಇದೆ, ಅದಕ್ಕೋಸ್ಕರನಾದ್ರೂ ನೋಡಿ. ಮೈಯಲ್ಲಿ ಇನ್ನೂ ಗುಂಡು ಉಳ್ಕೊಂಡಿರೋ ಇಬ್ಬರು ಕೊಲಂಬೈನ್ ಹುಡುಗರನ್ನ ಕರ್ಕೊಂಡು ಮೂರ್ ಆ ಗುಂಡು ಮಾರಿದ ಕೆಮಾರ್ಟ್ ಕಂಪನಿಯ ಹೆಡ್ ಆಫೀಸಿಗೆ ಹೋಗ್ತಾರೆ, ಕೊನೆಗೆ ಕಂಪನಿಯವರೇ ಹೊರಗೆ ಬಂದು ಕೈಬಂದೂಕಿನ ಗುಂಡು ಮಾರೋದನ್ನ 90 ದಿನದಲ್ಲಿ ನಿಲ್ಲಿಸ್ತೀವಿ ಅಂತ ಘೋಷಣೆ ಮಾಡ್ತಾರೆ. ಯಾವ ಎಡಿಟಿಂಗ್ ಚಮತ್ಕಾರನೂ ಇಲ್ಲ, ಮೂರ್ ಅವರಿಗೇ ನಂಬೋಕಾಗದೆ ಒಂದು ಕ್ಷಣ ಮಾತು ನಿಲ್ಲುತ್ತೆ.

1989ರ ‘ರೋಜರ್ ಅಂಡ್ ಮಿ’, ಅವರ ಮೊದಲ ಚಿತ್ರ, ಫ್ಲಿಂಟ್‌ನಲ್ಲಿ ಜನರಲ್ ಮೋಟರ್ಸ್ ಫ್ಯಾಕ್ಟರಿ ಮುಚ್ಚಿದ ಕಥೆ. ಒಳ್ಳೇದೇ, ಆದ್ರೆ ಇಲ್ಲೂ ದಿನಾಂಕದ ತೊಂದರೆ. ಕೆಲಸ ಹೋದ ಮೇಲೆ ಊರವರು ಏನೇನೋ ಮಾಡಿದ್ರು ಅಂತ ತೋರಿಸೋ ಆಟೋವರ್ಲ್ಡ್ ಅನ್ನೋ ಥೀಮ್ ಪಾರ್ಕ್ ಶುರುವಾಗಿದ್ದು 1984ರಲ್ಲಿ, ರೇಗನ್ ಬಂದು ಕೆಲಸ ಇಲ್ಲದವರ ಜೊತೆ ಪಿಜ್ಜಾ ತಿಂದಿದ್ದು 1980ರಲ್ಲಿ, ಇನ್ನೂ ಅಧ್ಯಕ್ಷ ಆಗೋಕೆ ಮುಂಚೆ. ಚಿತ್ರದಲ್ಲಿ ಇವೆರಡೂ 1986ರ ಫ್ಯಾಕ್ಟರಿ ಮುಚ್ಚುವಿಕೆ ಆದ್ಮೇಲೆ ಬಂದ ಹಾಗಿರುತ್ತೆ.

ವಾದ ಮಂಡಿಸೋ ಚಿತ್ರಗಳು: ‘ಥರ್ಟೀಂತ್’ ಮತ್ತು ‘ಇನ್‌ಸೈಡ್ ಜಾಬ್’

ಮೂರ್ ಥರ ಡೈರೆಕ್ಟರ್ ಕ್ಯಾಮೆರಾ ಮುಂದೆ ಬರೋದು ನಿಮಗೆ ಹಿಡಿಸಲ್ಲ, ವಕೀಲರು ಕೇಸ್ ನಡೆಸೋ ಹಾಗೆ ಒಂದೊಂದೇ ಸಾಕ್ಷಿ ಇಡೋ ಚಿತ್ರ ಬೇಕು ಅಂದ್ರೆ ಇವೆರಡು.

2016ರ ‘ಥರ್ಟೀಂತ್’, ಡೈರೆಕ್ಟರ್ ಏವಾ ಡುವರ್ನೇ. ಹೆಸರು ಬಂದಿದ್ದು ಅಮೆರಿಕ ಸಂವಿಧಾನದ 13ನೇ ತಿದ್ದುಪಡಿಯಿಂದ, 1865ರಲ್ಲಿ ಗುಲಾಮಗಿರಿ ರದ್ದು ಮಾಡಿದ್ದು ಅದೇ, ಆದ್ರೆ ಅದರಲ್ಲೇ ಒಂದು ಸಣ್ಣ ಕಿಂಡಿ ಬಿಟ್ಟಿದ್ರು, ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸ್ಕೋಬಹುದು ಅಂತ. ಆ ಕಿಂಡಿಯಿಂದ ಏನೇನು ನುಸುಳ್ತು ಅನ್ನೋದೇ ಇಡೀ ಚಿತ್ರ. ನಡುನಡುವೆ ತೆರೆ ಮೇಲೆ ಕೈದಿಗಳ ಲೆಕ್ಕ ಬರ್ತಾ ಹೋಗುತ್ತೆ, 1970ರಲ್ಲಿ 3,57,292, ಹತ್ತು ವರ್ಷಕ್ಕೆ 5 ಲಕ್ಷ ದಾಟುತ್ತೆ, 2000ಕ್ಕೆ 20 ಲಕ್ಷ, 2014ಕ್ಕೆ 23 ಲಕ್ಷ. ಪ್ರತಿ ಸಲ ಆ ಅಂಕಿ ಬಂದಾಗ ಕೋಣೆಯಲ್ಲಿ ಇದ್ದವರೆಲ್ಲ ಸುಮ್ಮನಾಗ್ತಾರೆ.

ಎದುರು ಪಾರ್ಟಿ ವಿಷಯದಲ್ಲಿ ಈ ಚಿತ್ರಕ್ಕೆ ನಾನು ಒಳ್ಳೇ ಮಾರ್ಕ್ಸ್ ಕೊಡ್ತೀನಿ. ನ್ಯೂಟ್ ಗಿಂಗ್ರಿಚ್, ರಿಪಬ್ಲಿಕನ್ ಪಕ್ಷದ ಅಷ್ಟು ದೊಡ್ಡ ಲೀಡರ್, ಇದರಲ್ಲಿ ಕೂತು ಹರಳಿನ ರೂಪದ ಕ್ರ್ಯಾಕ್ ಕೊಕೇನ್‌ಗೂ ಪುಡಿ ಕೊಕೇನ್‌ಗೂ ಬೇರೆ ಬೇರೆ ಶಿಕ್ಷೆ ಇಟ್ಟಿದ್ದು ಕಪ್ಪು ಜನರ ಮೇಲೆ ದೊಡ್ಡ ಹೊರೆ ಆಯ್ತು, ನ್ಯಾಯಕ್ಕೇ ವಿರುದ್ಧ ಅಂತ ಒಪ್ಕೋತಾರೆ. ಇನ್ನೊಂದು ಕಡೆ ಡೆಮಾಕ್ರಟಿಕ್ ಪಕ್ಷದ ಬಿಲ್ ಕ್ಲಿಂಟನ್ 1994ರಲ್ಲಿ ಸಹಿ ಹಾಕಿದ, ಶಿಕ್ಷೆ ಬಿಗಿ ಮಾಡಿದ ಕ್ರೈಮ್ ಬಿಲ್ ಮೇಲೂ ಅಷ್ಟೇ ಗಟ್ಟಿ ಆರೋಪ ಹೊರಿಸುತ್ತೆ. ಅಂದ್ರೆ ತಮ್ಮ ಕಡೆಯವರನ್ನೂ ಬಿಡಲ್ಲ.

ಕಲೀಫ್ ಬ್ರೌಡರ್ ಕಥೆ ಬರೋ ಜಾಗ ಇದೆಯಲ್ಲ, ಅದಕ್ಕೆ ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೊಳ್ಳಿ. ನ್ಯೂಯಾರ್ಕ್‌ನ ಹುಡುಗ, 16 ವರ್ಷ, ಒಂದು ಬ್ಯಾಗ್ ಕದ್ದ ಅಂತ 2010ರಲ್ಲಿ ಹಿಡಿದ್ರು, ಜಾಮೀನಿಗೆ 3,000 ಡಾಲರ್ ಕಟ್ಟೋಕೆ ಮನೆಯವರ ಹತ್ರ ಇಲ್ಲ. ತಪ್ಪು ಒಪ್ಕೋ, ಬಿಟ್ಬಿಡ್ತೀವಿ ಅಂತ ಆಸೆ ತೋರಿಸಿದ್ರೂ ನಾನು ಕದ್ದಿಲ್ಲ ಅಂತ ಒಪ್ಕೊಳ್ಳಲೇ ಇಲ್ಲ ಆ ಮಗು. ವಿಚಾರಣೆನೇ ನಡೆಸದೆ ರೈಕರ್ಸ್ ಐಲೆಂಡ್ ಜೈಲಲ್ಲಿ ಮೂರು ವರ್ಷ, ಅದರಲ್ಲಿ ಹೆಚ್ಚುಕಮ್ಮಿ ಎರಡು ವರ್ಷ ಒಂಟಿ ಕೋಣೆ. ಆಮೇಲೆ ಕೇಸೇ ಬಿಟ್ಟುಬಿಟ್ರು. 2015ರಲ್ಲಿ ಅವನು ಜೀವ ಕಳ್ಕೊಂಡ.

ಆದ್ರೂ ಈ ಚಿತ್ರ ಒಂದು ಕಡೆ ಜಾಸ್ತಿ ವಾಲುತ್ತೆ. ಖಾಸಗಿ ಜೈಲು ಕಂಪನಿಗಳ ದುಡ್ಡಿನ ಆಸೆಯಿಂದಲೇ ಇಷ್ಟೆಲ್ಲ ಆಯ್ತು ಅನ್ನೋ ಭಾವನೆ ಬರುತ್ತೆ, ನಿಜಕ್ಕೆ ಅಮೆರಿಕದ ಕೈದಿಗಳಲ್ಲಿ ಖಾಸಗಿ ಜೈಲಲ್ಲಿರೋರು ಸುಮಾರು ಶೇ 8 ಅಷ್ಟೇ, ಉಳಿದವರೆಲ್ಲ ಸರ್ಕಾರಿ ಜೈಲಲ್ಲೇ ಇದ್ದಾರೆ. ಹಾಗೇ ಡ್ರಗ್ಸ್ ಕೇಸಿನವರಿಂದಲೇ ಜೈಲು ತುಂಬಿದೆ ಅಂತನೂ ಅನ್ಸುತ್ತೆ, ಆದ್ರೆ ರಾಜ್ಯಗಳ ಜೈಲಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೊಡೆದಾಟ, ದರೋಡೆ, ಕೊಲೆ ಥರದ ಕೇಸಿನವರು. ಹಾಗಂತ ಚಿತ್ರದ ಮೂಲ ಮಾತು ಸುಳ್ಳಾಗಲ್ಲ, ಪರಿಹಾರ ಚಿತ್ರದಲ್ಲಿ ಕಾಣೋದಕ್ಕಿಂತ ಕಷ್ಟ ಅಷ್ಟೇ.

‘ಇನ್‌ಸೈಡ್ ಜಾಬ್’ 2010ರದ್ದು, ಚಾರ್ಲ್ಸ್ ಫರ್ಗುಸನ್ ಅವರದ್ದು, 2008ರ ಆರ್ಥಿಕ ಕುಸಿತ ಹೇಗಾಯ್ತು ಅಂತ. ಬ್ಯಾಂಕು, ಸಾಲ, ರೇಟಿಂಗ್ ಏಜೆನ್ಸಿ ಅಂದ್ರೆ ನಿದ್ದೆ ಬರುತ್ತೆ ಅನ್ನೋರೂ ಕೂತು ನೋಡ್ತಾರೆ, ಯಾಕಂದ್ರೆ ಪ್ರಶ್ನೆ ಕೇಳೋ ರೀತಿ ಹಾಗಿದೆ. ಡೈರೆಕ್ಟರ್ ಮುಖ ಕಾಣಲ್ಲ, ಧ್ವನಿ ಮಾತ್ರ. ದೊಡ್ಡ ಯೂನಿವರ್ಸಿಟಿಯ ಅರ್ಥಶಾಸ್ತ್ರ ಪ್ರೊಫೆಸರ್‌ಗಳನ್ನ ಕೂರಿಸಿ, ನೀವು ಬರೆದ ವರದಿಗೆ ನಿಮಗೆ ಯಾರು ದುಡ್ಡು ಕೊಟ್ಟಿದ್ದು ಅಂತ ಮೆಲ್ಲಗೆ ಕೇಳ್ತಾರೆ. ಅಂಥ ಒಬ್ಬ ಪ್ರೊಫೆಸರ್ ಫ್ರೆಡರಿಕ್ ಮಿಷ್ಕಿನ್ ಅವರು ಐಸ್‌ಲ್ಯಾಂಡ್ ಆರ್ಥಿಕತೆ ಚೆನ್ನಾಗಿದೆ ಅಂತ ಬರೆದ ವರದಿಗೆ 1,24,000 ಡಾಲರ್ ತಗೊಂಡಿದ್ರು, ಆ ದೇಶದ ಬ್ಯಾಂಕುಗಳು ಮುಳುಗಿದ ಮೇಲೆ ಅವರ ಬಯೋಡೇಟಾದಲ್ಲಿ ಆ ವರದಿ ಹೆಸರಲ್ಲಿದ್ದ ‘ಸ್ಥಿರತೆ’ ಅನ್ನೋದು ‘ಅಸ್ಥಿರತೆ’ ಆಗಿರುತ್ತೆ. ಕೇಳಿದ್ರೆ ಟೈಪಿಂಗ್ ಮಿಸ್ಟೇಕ್ ಇರಬಹುದು ಅಂತಾರೆ. ಇಲ್ಲಿ ಎದುರಾಳಿಗೆ ಜಾಗ ಪೂರ್ತಿ ಸಿಗುತ್ತೆ, ಅವರೇ ಆ ಜಾಗದಲ್ಲಿ ಕೂತು ಬೆವರ್ತಾರೆ. ಬರಲ್ಲ ಅಂದವರ ಹೆಸರನ್ನೂ ತೆರೆ ಮೇಲೆ ಹಾಕ್ತಾ ಹೋಗ್ತಾರೆ. ಆಮೇಲೆ ನಮ್ಮ ರಿಸರ್ವ್ ಬ್ಯಾಂಕ್ ಗವರ್ನರ್ ಆದ ರಘುರಾಮ್ ರಾಜನ್ ಕೂಡ ಇದರಲ್ಲಿದ್ದಾರೆ, 2005ರಲ್ಲೇ ಎಚ್ಚರಿಕೆ ಕೊಟ್ಟಾಗ ಅವರನ್ನ ಹೇಗೆ ತಳ್ಳಿಹಾಕಿದ್ರು ಅಂತ ಸಮಾಧಾನವಾಗಿ ಹೇಳ್ತಾರೆ.

ಇವೆರಡರಲ್ಲಿ ಒಂದೇ ಅಂದ್ರೆ? ಮನಸ್ಸಿಗೆ ತಟ್ಟೋದು ಥರ್ಟೀಂತ್, ಗಟ್ಟಿಯಾಗಿ ನಿಲ್ಲೋದು ಇನ್‌ಸೈಡ್ ಜಾಬ್. ಜಗಳಗಂಟ ಫ್ರೆಂಡ್ ಜೊತೆ ನೋಡೋದಾದ್ರೆ ಎರಡನೇದು ಹಾಕಿ, ಅಲ್ಲಿ ಅವನಿಗೆ ಹಿಡಿಯೋಕೆ ಸಂದು ಕಮ್ಮಿ ಸಿಗುತ್ತೆ.

ಜನರ ಜೊತೆ ಇದ್ದು ತೆಗೆದವು: ನನ್ನ ಓಟು ಇಲ್ಲಿಗೆ

1976ರ ‘ಹಾರ್ಲನ್ ಕೌಂಟಿ ಯುಎಸ್‌ಎ’. ಡೈರೆಕ್ಟರ್ ಬಾರ್ಬರಾ ಕಾಪಲ್. ಕೆಂಟಕಿ ರಾಜ್ಯದ ಬ್ರೂಕ್‌ಸೈಡ್ ಕಲ್ಲಿದ್ದಲು ಗಣಿಯಲ್ಲಿ 1973ರಲ್ಲಿ ಶುರುವಾದ ಮುಷ್ಕರ, ಒಂದು ವರ್ಷಕ್ಕೂ ಜಾಸ್ತಿ ನಡೀತು, ಅಷ್ಟೂ ದಿನ ಇವರು ಆ ಕಾರ್ಮಿಕರ ಮಧ್ಯೆನೇ ಇದ್ದು ಶೂಟ್ ಮಾಡಿದ್ರು. ನಿರೂಪಕರ ದನಿ ಇಲ್ಲ, ಎಕ್ಸ್‌ಪರ್ಟ್‌ಗಳ ಸಾಲು ಇಲ್ಲ. ಬೆಳಗಿನ ಜಾವದ ಕತ್ತಲಲ್ಲಿ ಗಂಡಸರು ಹೆಂಗಸರು ರಸ್ತೆಗೆ ಅಡ್ಡ ನಿಂತಿರ್ತಾರೆ, ಕಂಪನಿ ಕಡೆಯ ಗೂಂಡಾಗಳು ಟ್ರಕ್‌ನಲ್ಲಿ ಬರ್ತಾರೆ, ಗುಂಡಿನ ಸದ್ದು, ಕ್ಯಾಮೆರಾ ಅಲ್ಲಾಡುತ್ತೆ, ಕ್ಯಾಮೆರಾ ಹಿಡಿದವರ ಮೇಲೂ ಕೈ ಬೀಳುತ್ತೆ. ಹೆಂಗಸರೇ ಈ ಚಿತ್ರದ ಬೆನ್ನೆಲುಬು, ಮನೆಯಲ್ಲಿ ಮೀಟಿಂಗ್ ಮಾಡೋದು, ಒಬ್ಬರಿಗೊಬ್ಬರು ಬೈಯೋದು, ಮತ್ತೆ ಮಾರನೇ ದಿನ ಕೋಲು ಹಿಡಿದು ರಸ್ತೆಗೆ ಬರೋದು.

ಇದರಲ್ಲಿ ನಂಗೆ ಅತಿ ಇಷ್ಟದ ದೃಶ್ಯದಲ್ಲಿ ಗಲಾಟೆನೇ ಇಲ್ಲ. ಕಾರ್ಮಿಕರು ನ್ಯೂಯಾರ್ಕ್‌ಗೆ ಬಂದು ಶೇರು ಮಾರುಕಟ್ಟೆ ಹತ್ರ ಬೋರ್ಡ್ ಹಿಡಿದು ನಿಂತಿರ್ತಾರೆ. ಅಲ್ಲಿ ಡ್ಯೂಟಿ ಮೇಲಿರೋ ಒಬ್ಬ ಪೊಲೀಸ್, ಒಬ್ಬ ಗಣಿ ಕಾರ್ಮಿಕ, ಇಬ್ರೂ ಹಾಗೇ ಮಾತಿಗಿಳೀತಾರೆ, ನಿಂಗೆ ಸಂಬಳ ಎಷ್ಟು, ಆಸ್ಪತ್ರೆ ಖರ್ಚು ಕೊಡ್ತಾರಾ, ಹಲ್ಲಿನ ಖರ್ಚು? ಒಂದೊಂದೇ ಕೇಳ್ತಾ ಕೇಳ್ತಾ ಪೊಲೀಸಿನವನ ಮುಖ ಬದಲಾಗುತ್ತೆ, ಪ್ರತಿದಿನ ನೆಲದ ಕೆಳಗೆ ಜೀವ ಪಣಕ್ಕಿಡೋ ಈ ಮನುಷ್ಯನಿಗೆ ತನಗಿರೋ ಸವಲತ್ತಿನ ಅರ್ಧನೂ ಇಲ್ಲ ಅಂತ ಅವನಿಗೆ ಅಲ್ಲೇ ಅರ್ಥ ಆಗುತ್ತೆ. ಯಾರೂ ಭಾಷಣ ಮಾಡಲ್ಲ.

ತಮ್ಮ ಕಡೆಯ ಹುಳುಕನ್ನ ತೋರಿಸೋದ್ರಲ್ಲೂ ಇದೇ ಮುಂದೆ. ಚಿತ್ರ ಪೂರ್ತಿ ಯೂನಿಯನ್ ಪರ, ಆದ್ರೆ ಅದೇ ಯೂನಿಯನ್‌ನ ಹಳೇ ಅಧ್ಯಕ್ಷ ಟೋನಿ ಬಾಯ್ಲ್, ತನ್ನ ಎದುರು ಚುನಾವಣೆಗೆ ನಿಂತಿದ್ದ ಯಬ್ಲಾನ್ಸ್ಕಿಯನ್ನ ಹೆಂಡತಿ ಮಗಳ ಸಮೇತ 1969ರ ಕೊನೇ ದಿನ ಕೊಲ್ಲಿಸಿದ ಕಥೆಯನ್ನ ಬಚ್ಚಿಡದೆ ಹೇಳುತ್ತೆ. ಮುಷ್ಕರದ ಕೊನೆಗೆ ಒಬ್ಬ ಎಳೇ ವಯಸ್ಸಿನ ಕಾರ್ಮಿಕ ಗುಂಡಿಗೆ ಬಲಿಯಾಗ್ತಾನೆ, ಅದಾದ್ಮೇಲೆನೇ ಕಂಪನಿ ಒಪ್ಪಂದಕ್ಕೆ ಸಹಿ ಹಾಕೋದು, ಆದ್ರೂ ಚಿತ್ರ ಅಲ್ಲಿಗೆ ಗೆದ್ವಿ ಅಂತ ಮುಗಿಯಲ್ಲ, ಮುಂದಿನ ಒಪ್ಪಂದದ ಜಗಳನೂ ತೋರಿಸುತ್ತೆ.

ಇದರ ಪಕ್ಕ 2019ರ ‘ಅಮೆರಿಕನ್ ಫ್ಯಾಕ್ಟರಿ’ ಇಟ್ಟು ನೋಡಿ. ಸ್ಟೀವನ್ ಬೋಗ್ನರ್, ಜೂಲಿಯಾ ರೈಕರ್ಟ್ ಜೋಡಿ ಮಾಡಿದ್ದು, ಅದೇ ಡೇಟನ್ ಪಕ್ಕದ ಮೊರೇನ್ ಅನ್ನೋ ಊರು. 2008ರ ಡಿಸೆಂಬರ್‌ನಲ್ಲಿ ಜನರಲ್ ಮೋಟರ್ಸ್ (ಜಿಎಂ) ಅಲ್ಲಿನ ಫ್ಯಾಕ್ಟರಿ ಮುಚ್ಚಿತು, ಆಮೇಲೆ ಅದೇ ಶೆಡ್ಡಿಗೆ ಚೀನಾದ ಫುಯಾವೋ ಕಂಪನಿ ಬಂದು ಕಾರಿನ ಗಾಜು ಮಾಡೋಕೆ ಶುರು ಮಾಡಿತು. ಮುಂಚೆ ಗಂಟೆಗೆ 29 ಡಾಲರ್ ತಗೊಳ್ತಿದ್ದ ಹೆಂಗಸು ಈಗ 12.84 ಡಾಲರ್ ಅಂತಾಳೆ, ಅದನ್ನ ಹೇಳುವಾಗ ಅವಳು ಅಳೋದೂ ಇಲ್ಲ. ಇಲ್ಲಿ ಎದುರು ಪಾರ್ಟಿ ಅಂತ ಒಬ್ಬರನ್ನ ಬೆರಳು ಮಾಡಿ ತೋರಿಸೋದೇ ಕಷ್ಟ, ಯಾಕಂದ್ರೆ ಕುಲುಮೆ ಕೆಲಸ ಕಲಿಸೋಕೆ ಅಂತ ಹೆಂಡತಿ ಮಕ್ಕಳನ್ನ ಬಿಟ್ಟು ಬಂದಿರೋ ಚೀನಾದ ಕೆಲಸಗಾರ ಅಮೆರಿಕದವರಷ್ಟೇ ಒಂಟಿ, ಚೇರ್ಮನ್ ಕೂಡ ಕೊನೆಗೆ ಒಬ್ಬನೇ ಕೂತು ತನ್ನ ಬಾಲ್ಯದ ಕಪ್ಪೆ ಹುಳಗಳ ಸದ್ದು ನೆನೆಸ್ಕೊಂಡು ನಾನು ಮಾಡಿದ್ದು ಒಳ್ಳೇದಾ ಪಾಪನಾ ಅಂತ ಕೇಳ್ಕೋತಾನೆ. ಯೂನಿಯನ್ ಬೇಕಾ ಬೇಡ್ವಾ ಅನ್ನೋ ವೋಟಿಂಗ್‌ನಲ್ಲಿ ಬೇಡ ಅಂದವರು 868, ಬೇಕು ಅಂದವರು 444. ಹಾರ್ಲನ್ ನೋಡಿ ಮಾರನೇ ದಿನ ಇದನ್ನ ನೋಡಿದ್ರೆ ನಲವತ್ತು ಚಿಲ್ಲರೆ ವರ್ಷದಲ್ಲಿ ಅಮೆರಿಕದ ಕಾರ್ಮಿಕರ ಕೈಯಿಂದ ಏನು ಜಾರಿತು ಅಂತ ಹೊಟ್ಟೆಗೇ ಗೊತ್ತಾಗುತ್ತೆ.

ಬಲಪಂಥದ ಕಡೆಯವು, ಮಧ್ಯದವು

ಮೇಲಿನ ಎಲ್ಲವೂ ಎಡಕ್ಕೇ ವಾಲ್ತಾವೆ, ಹಾಗಾಗಿ ಇನ್ನೊಂದು ಕಡೆನೂ ಹೇಳ್ಬೇಕು. ಮುಂಬೈನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ದಿನೇಶ್ ಡಿಸೋಜ ಅವರ 2012ರ ಒಬಾಮಾ ವಿರೋಧಿ ಚಿತ್ರ ‘2016: ಒಬಾಮಾಸ್ ಅಮೆರಿಕ’ 33 ಮಿಲಿಯನ್ ಡಾಲರ್ ದುಡೀತು, ಅಂದ್ರೆ ಆ ಕಡೆನೂ ಪ್ರೇಕ್ಷಕರು ದೊಡ್ಡ ಸಂಖ್ಯೆಯಲ್ಲಿ ಇದ್ದಾರೆ. ಆದ್ರೆ 2020ರ ಚುನಾವಣೆಯಲ್ಲಿ ಮೋಸ ಆಯ್ತು ಅಂತ ಅವರು 2022ರಲ್ಲಿ ಮಾಡಿದ ‘2000 ಮ್ಯೂಲ್ಸ್’ ಚಿತ್ರವನ್ನ ವಿತರಣೆ ಮಾಡಿದ ಕಂಪನಿನೇ 2024ರಲ್ಲಿ ವಾಪಸ್ ತಗೊಂಡು, ಅದರಲ್ಲಿ ಸುಳ್ಳೇ ಕಳ್ಳ ವೋಟು ಹಾಕಿದವನು ಅಂತ ತೋರಿಸಿದ ಒಬ್ಬ ವ್ಯಕ್ತಿಗೆ ಕ್ಷಮೆ ಕೇಳಿತು. ನಾನು ಇದನ್ನ ಯಾರಿಗೂ ಹೇಳಲ್ಲ. ಹೆಸ್ಟನ್ ಶಾಟ್ ಜೋಡಿಸೋದೂ ತಪ್ಪು, ಆದ್ರೆ ಬದುಕಿರೋ ಸಾಮಾನ್ಯ ಮನುಷ್ಯನನ್ನ ಮಾಡದ ಅಪರಾಧಕ್ಕೆ ತೆರೆ ಮೇಲೆ ನಿಲ್ಲಿಸೋದು ಬೇರೆನೇ ಮಟ್ಟದ ತಪ್ಪು.

2010ರ ‘ವೇಟಿಂಗ್ ಫಾರ್ ಸೂಪರ್‌ಮ್ಯಾನ್’ ಶಾಲೆಗಳ ಬಗ್ಗೆ, ಇದನ್ನ ಎಡ ಬಲ ಅಂತ ಹೇಳೋಕಾಗಲ್ಲ, ಟೀಚರ್ ಯೂನಿಯನ್ ವಿರುದ್ಧ, ಚಾರ್ಟರ್ ಶಾಲೆಗಳ (ಸರ್ಕಾರದ ದುಡ್ಡಲ್ಲಿ ಆದ್ರೆ ಸ್ವತಂತ್ರವಾಗಿ ನಡೆಯೋ ಶಾಲೆಗಳು) ಪರ. ಲಾಟರಿಯಲ್ಲಿ ಸೀಟು ಸಿಗುತ್ತಾ ಅಂತ ಮಗು ಅಮ್ಮನ ಕೈ ಹಿಡ್ಕೊಂಡು ಕೂತಿರೋ ದೃಶ್ಯ ನಮ್ಮಲ್ಲಿ ಆರ್‌ಟಿಇ ಲಾಟರಿಗೆ ಕಾದವರಿಗೆ ತಕ್ಷಣ ತಟ್ಟುತ್ತೆ. ಆದ್ರೆ ಚಾರ್ಟರ್ ಶಾಲೆಗಳಲ್ಲಿ ಐದಕ್ಕೆ ಒಂದು ಮಾತ್ರ ತುಂಬಾ ಚೆನ್ನಾಗಿದೆ ಅನ್ನೋದನ್ನ ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗ್ಬಿಡುತ್ತೆ. ಟೈಮ್ ಇದ್ರೆ ನೋಡಿ.

ಹಾಗಾದ್ರೆ ಯಾವುದು?

ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಕೂತು ನೋಡೋದಾದ್ರೆ ಸಿಕೋ, ಮಗ ಸೊಸೆ ಅಲ್ಲಿದ್ದಾರೆ ಅಂದ್ರೆ ಇನ್ನೂ ಮುಖ್ಯ, ಆದ್ರೆ 2007ರದ್ದು ಅಂತ ಮೊದ್ಲೇ ಹೇಳಿ ಹಾಕಿ. ಅಲ್ಲಿಗೆ ಓದೋಕೆ ಹೋಗ್ತಿರೋ ಮಕ್ಕಳಿಗೆ ಥರ್ಟೀಂತ್, ಸುಮಾರು 100 ನಿಮಿಷ, ನೆಟ್‌ಫ್ಲಿಕ್ಸ್‌ದು, 2020ರಲ್ಲಿ ಅವರೇ ಯೂಟ್ಯೂಬಲ್ಲಿ ಪೂರ್ತಿ ಚಿತ್ರ ಫ್ರೀಯಾಗಿ ಹಾಕಿದ್ರು. ಫ್ಯಾಕ್ಟರಿ, ಯೂನಿಯನ್ ಕೆಲಸದಲ್ಲಿ ಇರೋರಿಗೆ ಹಾರ್ಲನ್, ಅಮೆರಿಕನ್ ಫ್ಯಾಕ್ಟರಿ ಎರಡನ್ನೂ ಜೋಡಿಯಾಗಿ. ಬ್ಯಾಂಕಲ್ಲಿ ಕೆಲಸ ಮಾಡೋರು ಇನ್‌ಸೈಡ್ ಜಾಬ್ ಬಿಡಬೇಡಿ. ಒಂದೇ ಒಂದು ಸಂಜೆ ಇದೆ ಅಂದ್ರೆ ನಾನು ಯೋಚನೆ ಮಾಡದೆ ಹಾರ್ಲನ್ ಕೌಂಟಿ ಅಂತೀನಿ.

ಹಾರ್ಲನ್ ಹಾಕುವಾಗ ಇಂಗ್ಲಿಷ್ ಸಬ್‌ಟೈಟಲ್ ಆನ್ ಮಾಡ್ಕೊಳ್ಳಿ, ಆ ಬೆಟ್ಟದ ಕಡೆಯವರ ಇಂಗ್ಲಿಷ್ ಮೊದಲ ಹತ್ತು ನಿಮಿಷ ನಮ್ಮ ಕಿವಿಗೆ ಹಿಡಿಯಲ್ಲ. ನಮ್ಮ ಹುಡುಗಿ ಅಲ್ಲಿಗೆ ಹೋದ ಮೇಲೆ ಅಮೆರಿಕನ್ ಫ್ಯಾಕ್ಟರಿ ನೋಡಿ "ಚಿಕ್ಕಪ್ಪ, ನಮ್ಮ ಮನೆ ಓನರ್ ಹಳೇ ಜಿಎಂ ಕೆಲಸಗಾರರಂತೆ, ಅವರನ್ನ ಕೇಳಿದೆ, ಆ ಚಿತ್ರ ನಾನು ಇನ್ನೂ ನೋಡಿಲ್ಲ, ನೋಡೋಕಾಗಲ್ಲ ಅಂದ್ರು" ಅಂತ ಮೆಸೇಜ್ ಹಾಕಿದ್ಲು.